ಸಣ್ಣ ಯೊ

ಹೆಸರು, ಕಾತಾಕಾನದಲ್ಲಿ, ಅನ್ನುತ್ತದೆ ಅರ್ಜಿಯ ಮೊದಲ ಮನೆ.
ಬರೆದೆ: ಜಿ, ವಾ, ನ್, ದಾ, ರು.
ಜೀವಂಧರನ ಮಹಾಪ್ರಾಣಕ್ಕೆ ಆ ಭಾಷೆಯಲ್ಲಿ ಜಾಗವಿಲ್ಲ.
ಇರಲಿ. ಅಮ್ಮನೂ ಕರೆಯುವುದು ಜೀವಂದರ ಅಂತಲೇ.
ಧ-ದ ಹೊಟ್ಟೆ ಸೀಳದಿದ್ದರೆ ಅಂಕ ಕಳೆಯುತ್ತಿದ್ದವರು
ಮೂಡಬಿದಿರೆಯ ಮಾಸ್ತರರೊಬ್ಬರೇ.

ವಯಸ್ಸು ಮೂವತ್ತೊಂದು.
ಓದು ಮುಗಿದ ಮೇಲಿನ ವರ್ಷಗಳ ವಿವರ, ತಿಂಗಳೂ ಬಿಡದೆ:
ಶಾರ್ಜಾ, ಇಂಡಸ್ಟ್ರಿಯಲ್ ಏರಿಯಾ,
ಜಪಾನಿನಿಂದ ಅರ್ಧಕ್ಕೆ ಕೊಯ್ದು ಬಂದ ಕಾರುಗಳ ಯಾರ್ಡು,
ಒಂಬತ್ತು ವರ್ಷ.
ಕಂಟೇನರಿನ ಬಾಗಿಲು ತೆರೆದರೆ ಮೊದಲು ಹೊರಬರುವುದು
ಬೇರೆ ಯಾರದೋ ಚಳಿಗಾಲದ ವಾಸನೆ.
ಆಮೇಲೆ ನಮ್ಮ ಬಿಸಿಲು ಒಳಗೆ ಹೋಗುತ್ತದೆ.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಅಕ್ಷರ ಕಲಿತದ್ದು ಸ್ಟಿಕ್ಕರುಗಳಿಂದ.
ಟೈರಿಗೆ ಅವರು ತಾಇಯಾ ಅನ್ನುತ್ತಾರೆ, ಬೆಲ್ಟಿಗೆ ಬೆರುತೊ,
ಬಸ್ಸಿಗೆ ಬಸು.
ಮಾತನ್ನು ಬರಿಗಾಲಲ್ಲಿ ಹೊರಗೆ ಬಿಡಲು
ಅವರಿಗೂ ಮನಸ್ಸು ಬಾರದು,
ಕಾರು, ಪೆನ್ನು, ಬೋಲ್ಟು ಎಂದು ನಾವು
ಉ-ಕಾರದ ಚಪ್ಪಲಿ ಹಾಕಿಸಿ ಕಳಿಸುವ ಹಾಗೆ.

ಗುಲ್ ಜಮೀನ್ ಖಾನ್, ಗೇರ್‌ಬಾಕ್ಸ್ ಬಿಚ್ಚುವವನು,
ಎಂಟು ವರ್ಷ ತೋಯಾಮದಲ್ಲಿದ್ದ.
ಹಿಮ ಗೋರಿದ, ಕಾರುಗಳನ್ನು ಹಡಗಿಗೆ ಹತ್ತಿಸಿದ.
ಮಾತು ಅವನಿಗೆ ನೀರು, ಓದು ಸೊನ್ನೆ.
ನಾನು ಓದಬಲ್ಲೆ, ಒಂದೂ ತಿಳಿಯದು.
ಊಟದ ಹೊತ್ತಿಗೆ ಡಿಕ್ಕಿಯ ಮುಚ್ಚಳದ ನೆರಳಲ್ಲಿ
ನಾನು ಉಚ್ಚರಿಸುತ್ತೇನೆ, ಅವನು ಕಣ್ಣು ಮುಚ್ಚಿ ಕೇಳುತ್ತಾನೆ.
ಕುರುಡನ ಹೆಗಲ ಮೇಲೆ ಕುಂಟ.

ಹೋದ ರಮ್‌ಜಾನಿಗೆ ಮುಂಚೆ, ಸಣ್ಣ ಬಿಳಿ ವ್ಯಾನೊಂದರ
ಗ್ಲೋವ್ ಬಾಕ್ಸಿನಲ್ಲಿ ಸಿಕ್ಕಿತು ಪೆಟ್ರೋಲಿನ ಲೆಕ್ಕದ ಪುಸ್ತಕ.
ತಾರೀಕು, ಕಿಲೋಮೀಟರು, ಲೀಟರು. ಹನ್ನೊಂದು ವರ್ಷದ್ದು.
ಅಂಚಿನಲ್ಲಿ ಆಗಾಗ ಒಂದೇ ಪದ, ಪೆನ್ಸಿಲು, ನಡುಗುವ ಕೈ.
ಓದಿದೆ: ಬಿ, ಯೊ, ಉ, ಇ, ನ್.
ಗುಲ್ ಜಮೀನ್ ಕಣ್ಣು ತೆರೆದ.
"ಯೊ ಸಣ್ಣದೋ, ದೊಡ್ಡದೋ?"

ಸಣ್ಣದಾದರೆ, ನಮ್ಮ ಒತ್ತಕ್ಷರದ ಹಾಗೆ
ಹಿಂದಿನದಕ್ಕೆ ಆತುಕೊಂಡಿದ್ದರೆ, ಆಸ್ಪತ್ರೆ.
ದೊಡ್ಡದಾದರೆ, ಹೆಂಗಸರು ಕೂದಲು ತಿದ್ದಿಸಿಕೊಳ್ಳುವ ಅಂಗಡಿ.
ಬೆಳಕಿಗೆ ಹಿಡಿದೆವು. ಕನ್ನಡಕ ಸಾಲ ತಂದೆವು.
ಕೆಲವು ಗುರುವಾರ ಸಣ್ಣದು, ಕೆಲವು ಗುರುವಾರ ದೊಡ್ಡದು,
ಆಮೇಲಾಮೇಲೆ ಎರಡರ ನಡುವೆ ಎಲ್ಲೋ.
ಕೊನೆಯ ನಾಲ್ಕು ಪುಟದಲ್ಲಿ ಪದವೇ ಇಲ್ಲ.
ಲೀಟರು ಮಾತ್ರ, ಅದೂ ಕಡಿಮೆ ಕಡಿಮೆ.
ಕಟ್ಟಕಡೆಗೆ ಮೂರು ಸಾಲು, ಚೀನೀ ಲಿಪಿಯ ಸಿಕ್ಕು,
ನನಗೆ ಓದಲು ಬಾರದ್ದು,
ನಾನು ಓದದೆ ಅವನಿಗೆ ತಿಳಿಯದ್ದು.

ಖರ್ಚು ಹೊರುವವರು: ಅಕ್ಕ ಸುಜಯಶ್ರೀ, ಮಸ್ಕತ್ತಿನಲ್ಲಿ ಲ್ಯಾಬ್ ಟೆಕ್ನಿಷಿಯನ್.
ಬ್ಯಾಂಕಿನ ಪತ್ರ ಕಳಿಸಿದ್ದಾಳೆ, ಜೊತೆಗೊಂದು ವಾಯ್ಸ್ ಮೆಸೇಜು:
"ನಿನ್ನ ಮದುವೆಗೆ ಅಂತ ಇಟ್ಟದ್ದು ಮಾರಾಯ ಇದು."
ಆಮೇಲೆ ನಗು. ಆಮೇಲೆ ಹನ್ನೆರಡು ಸೆಕೆಂಡು ಬರೀ ಫ್ಯಾನಿನ ಸದ್ದು.
ಪುತ್ತುಬಾವ ಹಾಜಿಯವರು ಅನುಭವ ಪತ್ರಕ್ಕೆ ಮೊಹರು ಒತ್ತಿ
"ಒಳ್ಳೆ ಇಂಜಿನ್ ಕಂಡರೆ ಫೋಟೋ ಹಾಕು" ಅಂದರು.

ಕಲಿಯಲು ಕಾರಣ.
ದೇರಾದ ಏಜೆಂಟು ಬರೆದುಕೊಟ್ಟಿದ್ದಾನೆ:
ಉಭಯ ದೇಶಗಳ ವಾಣಿಜ್ಯಕ್ಕೆ ಸೇತುವೆಯಾಗುವ ಹಂಬಲ.
ಮುನ್ನೂರು ದಿರ್ಹಮಿನ ವಾಕ್ಯ.

ಆರು ಜನರ ಕೋಣೆ, ಮೇಲಿನ ಮಂಚ, ಮೊಬೈಲಿನ ಬೆಳಕು.
ವಾಕ್ಯ ಅಳಿಸಿದೆ. ನನಗೆ ಬರುವ ಹಿರಗಾನದಲ್ಲಿ ಸೊಟ್ಟಗೆ ಬರೆದೆ:
ಒಂದು ಪುಸ್ತಕ ಸಿಕ್ಕಿತು. ಕೊನೆಯ ಪುಟ ಓದಬೇಕು.
ಓದುವುದು ಅನ್ನುವ ಪದದಲ್ಲೂ ಒಂದು ಯೊ ಇದೆ, ದೊಡ್ಡದು,
ಅದರಲ್ಲಿ ಅನುಮಾನವಿಲ್ಲ.
ಮುನ್ನೂರು ಅಕ್ಷರವಾದರೂ ಬೇಕಂತೆ.
ಎಣಿಸಿದೆ. ಇಪ್ಪತ್ತಮೂರು.

ಕೆಳಗಿನ ಮಂಚದಿಂದ ಗುಲ್ ಜಮೀನ್, ನಿದ್ದೆಗಣ್ಣಲ್ಲಿ:
"ನಾನು ಹಿಮ ಗೋರಿದ್ದನ್ನೂ ಬರೆ.
ಅದು ತುಂಬಾ ಜಾಗ ಹಿಡಿಯುತ್ತದೆ."