ಸಾಮಾನು ಜಮಾ

ಮಸ್ಜಿದ್ ಬಂದರ್, ಮುಂಬಯಿ, ೧೯೪೫

ಬರೆದುಕೊಳ್ಳಿ ಗುಮಾಸ್ತರೇ: ಕಬ್ಬಿಣದ ಟೋಪಿ, ಒಂದು.
ಒಳಪಟ್ಟಿ ಹರಿದಿದೆ, ಬೆವರಿಗೆ.
ಯುದ್ಧ ಮುಗಿಯಿತಂತೆ. ನನ್ನ ತಲೆಗಿನ್ನೂ ಸುದ್ದಿ ಮುಟ್ಟಿಲ್ಲ,
ಓಣಿಯಲ್ಲಿ ಬೆಳಕು ಕಂಡರೆ ಸಾಕು
ಬಾಯಿ ತಾನಾಗಿ ಕೂಗುತ್ತದೆ: ಬತ್ತಿ ಬಂದ್ ಕರೋ!

ಸೀಟಿ, ಒಂದು. ಊದಿ ನೋಡಬೇಡಿ,
ಕೆಳಗಿನ ಮಕ್ಕಳು ಮೆಟ್ಟಿಲಡಿ ಓಡಿಬಿಡುತ್ತಾರೆ.

ಬಕೆಟು ಎರಡು ಕೊಟ್ಟಿದ್ದಿರಿ, ಒಂದೇ ತಂದೆ.
ಮರಳನ್ನು ಮೂರನೇ ಮಾಳಿಗೆಯ ಹೆಂಗಸರು
ಮುಷ್ಟಿಮುಷ್ಟಿಯಾಗಿ ಒಯ್ದರು, ಪಾತ್ರೆ ತಿಕ್ಕಲು.
ಜಪಾನಿನ ಬಾಂಬು ಬರುವ ತನಕ
ತಳ ಹಿಡಿದ ಗಂಜಿ ಕಾಯುತ್ತದೆಯೇ?
ಪಂಪಿನ ರಬ್ಬರು ಗುಲಾಬಿಯಾದದ್ದು ಹೋಳಿಗೆ.
ದಂಡವಿದ್ದರೆ ಕಾಯ್ತಾನ್ ಬಾಬನ ಹೆಸರಿಗೆ ಹಾಕಿ,
ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುವ ಗೋವೆಯವ,
ನಮ್ಮ ಪೋಸ್ಟಿನ ಹಿರಿಯ ವಾರ್ಡನ್,
ಬಣ್ಣ ಕಲಸಿದವನೂ ಅವನೇ.

ನಾನೋ? ಹಗಲು ಭಾತ್ ಬಜಾರಿನ ಕ್ಯಾಂಟೀನಿನಲ್ಲಿ
ಗ್ಲಾಸು ತೊಳೆಯುವವ.
ಏಳಕ್ಕೆ ಕನ್ನಡ ರಾತ್ರಿಶಾಲೆ,
ಒಂದನೇ ಇಯತ್ತೆ, ಇಪ್ಪತ್ತಾರನೇ ವಯಸ್ಸಿನಲ್ಲಿ.
ಹತ್ತಕ್ಕೆ ಈ ಟೋಪಿ.
ಶಾಲೆಯ ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದು ಈ ಕೈಯೇ.
ಒಂದು ರಾತ್ರಿ ಅಂಟು ಬಿಟ್ಟು ಬೆಳಕು ಸೋರಿತು,
ನಿಯಮ ನಿಯಮವೇ, ಎದ್ದು ನಿಂತು
ನನ್ನ ಗುರುಗಳ ದೀಪ ನಾನೇ ಆರಿಸಿದೆ.

ಉಚ್ಚಿಲ ಮಾಸ್ತರು ಬೈಯಲಿಲ್ಲ.
ಕತ್ತಲಲ್ಲಿ ನನ್ನ ಅಂಗೈ ಎಳೆದುಕೊಂಡು
ಬೆರಳ ತುದಿಯಲ್ಲಿ ಬರೆದರು: ಐ.
ಆಮೇಲೆ ತ.
ಸೋಡಾಕಾರಕ್ಕೆ ಬಿರಿದ ಅಂಗೈ ಗುಮಾಸ್ತರೇ,
ಅಕ್ಷರ ಉರಿಯುತ್ತಿತ್ತು.
ಕೊನೆಗೆ ಪ, ಅದರ ಕೆಳಗೆ ಇನ್ನೊಂದು ಪ.
'ಇದು ಒತ್ತು,' ಎಂದರು. 'ನಿನ್ನ ಚಾಳಿನ ಹಾಗೆಯೇ,
ಮೇಲೊಬ್ಬ, ಕೆಳಗೊಬ್ಬ, ಜಾಗ ಒಂದೇ.'

ಅಲ್ಲಿಯವರೆಗೆ ನನ್ನ ವಹಿಯಲ್ಲಿ ಬರೀ ಗೀಟು.
ಯಾವ ಖೋಲಿಯಲ್ಲಿ ಎಷ್ಟು ಜನ, ತಲೆಗೊಂದು ಗೀಟು;
ಒಂದೇ ಚಾಪೆಯನ್ನು ಹಗಲೊಬ್ಬ ಇರುಳೊಬ್ಬ
ಹಂಚಿಕೊಂಡಿದ್ದರೆ, ಅಡ್ಡಗೀಟು.
ಆ ಮಳೆಗಾಲದಲ್ಲಿ ಗೀಟು ಅಳಿಸಿ ಹೆಸರು ಬರೆಯತೊಡಗಿದೆ.
ಧಾಕೂ ಹಮಾಲನ 'ಧ'ಕ್ಕೇ ಒಂದು ವಾರ ಹಿಡಿಯಿತು.

ಎರಡು ವರ್ಷ ನಾವು ಕತ್ತು ನೋಯುವಂತೆ ಆಕಾಶ ಕಾದೆವು.
ಅದು ಬಂದದ್ದು ನೀರ ಕಡೆಯಿಂದ,
ನಮ್ಮದೇ ಗೋದಿಯ ಹಡಗಿನಿಂದ,
ಏಪ್ರಿಲಿನಲ್ಲಿ, ಹಾಡು ಹಗಲು, ನಾಲ್ಕರ ಚಹಾಕ್ಕೆ.
ಸೈರನ್ ಸುಮ್ಮನಿತ್ತು.
ಕೈಯಲ್ಲಿ ಗ್ಲಾಸಿನ ಬುಡ ಮಾತ್ರ ಉಳಿಯಿತು.
ಹತ್ತಿಯ ಅಂಡಿಗೆಗಳು ಉರಿಯುತ್ತ ಬಂದು
ಮಾಡಿನ ಮೇಲೆ ಕೂತವು, ಹದ್ದುಗಳಂತೆ.
ಆ ಇನ್ನೊಂದು ಬಕೆಟು ಅಲ್ಲೇ ಎಲ್ಲೋ ಇದೆ.

ಆ ರಾತ್ರಿ ನಾನು ಬತ್ತಿ ಬಂದ್ ಎನ್ನಲಿಲ್ಲ.
ಎನ್ನುವುದಾದರೂ ಯಾರಿಗೆ?
ಸೂಜಿಗೆ ನೂಲು ಪೋಣಿಸಬಹುದಾದಷ್ಟು ಬೆಳಕು.
ರಸ್ತೆ ನಡುವೆ ನಿಂತು ವಹಿ ಬಿಡಿಸಿದೆ,
ಬದುಕಿನಲ್ಲಿ ಮೊದಲ ಸಲ ತಡವರಿಸದೆ ಓದಿದೆ.
ಧಾಕೂ! ಹೋ, ಎಂದ.
ಕಾಯ್ತಾನ್! ಕೆಮ್ಮಿದ. ಅವನೇ, ಆ ಕೆಮ್ಮು ಗೊತ್ತು.
ಬೂಬ ಸಾಲಿಯಾನ್!
ಬೂಬ ಸಾಲಿಯಾನ್!
ಗಿರಣಿಯ ರಾತ್ರಿಪಾಳಿಯವ, ಹಗಲು ಚಾಪೆ ಅವನದು.
ಮೂರನೇ ಸಲ ಕೂಗಿದಾಗ
ಅದೇ ಚಾಪೆಯ ಇರುಳ ಪಾಲುದಾರ ಜಾರಪ್ಪ
ತನ್ನ ಸರದಿಯಲ್ಲದಿದ್ದರೂ
'ಓ' ಎಂದ.
ನಾನು ಹಾಜರಿ ಹಾಕಿಬಿಟ್ಟೆ. ತಪ್ಪು, ಗೊತ್ತು.

ವಹಿಯೆ?
ಸುಟ್ಟುಹೋಯಿತು ಎಂದು ಬರೆದುಕೊಳ್ಳಿ.
ಅಂಗಿಯೊಳಗೆ ಉಬ್ಬಿರುವುದು ಬೇರೆ, ಅದು ನನ್ನ ಸ್ವಂತದ್ದು.

ಸಹಿ ಎಲ್ಲಿ? ಹೆಬ್ಬೆಟ್ಟಿನ ಮಸಿ ಆಚೆಗಿಡಿ,
ಪೆನ್ನು ಕೊಡಿ.
ಗೆರೆಯ ಕೆಳಗೆ ಸ್ವಲ್ಪ ಜಾಗ ಬಿಟ್ಟಿರಿ, ಸ್ವಾಮಿ,
ಪ-ದ ಕೆಳಗೆ ಇನ್ನೊಬ್ಬ ಮಲಗಬೇಕು.