ಪುಸ್ತಕ ಸಂಖ್ಯೆ ೧೧೪೭

ಎಂಟನೆಯ ಪೀರಿಯಡ್ಡು, ಮಾಜಾಳಿಯ ಸೆಕೆ.
ಕಿಟಕಿಯಾಚೆ ಒಣಗಲು ಹರವಿದ ಬಲೆ, ಅದರಾಚೆ ಕಡಲು,
ಕಡಲಿಗೆ ಬೆನ್ನು ಹಾಕಿ ಕೂತ ನಲವತ್ತೊಂದು ಮಕ್ಕಳು.
ನಾನು ಬೋರ್ಡಿನ ಮೇಲೆ ಕರ್ತರಿಯನ್ನು ಕರ್ಮಣಿಗೆ ಹೊರಳಿಸುತ್ತಿದ್ದೆ:
ರಾಮ ಮಾವಿನಹಣ್ಣು ತಿಂದ,
ಮಾವಿನಹಣ್ಣು ರಾಮನಿಂದ ತಿನ್ನಲ್ಪಟ್ಟಿತು.
ಇಪ್ಪತ್ಮೂರು ವರ್ಷದಿಂದ ಅದೇ ಹಣ್ಣು.
ರುಚಿ ಹೇಗಿತ್ತೆಂದು ಯಾರೂ ಕೇಳಿಲ್ಲ,
ನಾನೂ ಹೇಳಿಲ್ಲ.

ಮನೆಯಲ್ಲಿ ಕೊಂಕಣಿ, ಶಾಲೆಯಂಗಳದಲ್ಲಿ ಕನ್ನಡ,
ಪಾಟೀಚೀಲದೊಳಗೆ ಇಂಗ್ಲಿಷು,
ತುಕ್ಕು ಹಿಡಿದ ಕೊಡೆಯ ಹಾಗೆ:
ದಿನಾ ಹೊರುವುದು, ಮಳೆ ಬಂದರೆ ಬಿಚ್ಚಲು ಬಾರದು.

ಹಿಂದಿನ ಬೆಂಚಿನಲ್ಲಿ ದತ್ತಾರಾಮ ತಾಂಡೇಲ
ತೊಡೆಯ ಮೇಲೇನೋ ಇಟ್ಟು ತಲೆ ತಗ್ಗಿಸಿದ್ದ.
ಮೊಬೈಲಾದರೆ ಗದ್ದಕ್ಕೆ ಬೆಳಕು ಬೀಳುತ್ತದೆ.
ಇವನ ಗದ್ದ ಕತ್ತಲಾಗೇ ಇತ್ತು.
ಹೋಗಿ ಕಸಿದುಕೊಂಡೆ.
ಎಣ್ಣೆಯ ಕಲೆ, ಮೀನಿನ ವಾಸನೆ, ಕಿವಿ ಮಡಚಿದ ಪುಟ;
ದೋಣಿಯ ಎಂಜಿನ್ನಿನ ಜೊತೆ ಬಂದ ಕೈಪಿಡಿ,
ಮೊದಲಿಂದ ಕೊನೆಯವರೆಗೆ ಇಂಗ್ಲಿಷು.
ಪಾಠದ ಒಂದು ಪ್ಯಾರಾ ಓದು ಎಂದರೆ
ಗಂಟಲಲ್ಲಿ ಮುಳ್ಳು ಸಿಕ್ಕಂತೆ ನಿಲ್ಲುವ ಹುಡುಗ.

ಬೈಯಲು ಬಾಯಿ ತೆರೆದಿದ್ದೆ. ಅವನೇ ಬೆರಳಿಟ್ಟು ಕೇಳಿದ:
"ಅಕ್ಕೋರೆ, ಐ ಡಿ ಎಲ್ ಇ, ಇದನ್ನ ಹ್ಯಾಂಗೆ ಓದೂದು?"
"ಐಡಲ್," ಎಂದೆ. "ಸೋಮಾರಿ ಅಂತ ಅರ್ಥ."
"ಓ, ಇದೇ ಹೌದ್ರಾ ಐಡಲ್!"
ಮುಖ ಅರಳಿತು. ಮರುಗಳಿಗೆ ಹುಬ್ಬು ಗಂಟಿಕ್ಕಿತು.
"ಸೋಮಾರಿ ಅಲ್ಲ ಅಕ್ಕೋರೆ. ಎಂಜಿನ್ ಚಾಲೂನೇ ಇರ್ತದೆ,
ಗೇರ್ ಹಾಕಿಲ್ಲ, ಅಷ್ಟೇ.
ಅಪ್ಪ ಮುಂಜಾನೆ ಹಾಂಗೇ ಬಿಟ್ಟು ಒಂದು ಬೀಡಿ ಸೇದ್ತಾನೆ.
ಬಿಸಿ ಆಗದೆ ಅಳಿವೆ ದಾಟೂಕೆ ಹೋದ್ರೆ
ನಡು ನೀರಲ್ಲಿ ಬಂದ್ ಬೀಳ್ತದೆ."
ತರಗತಿ ನಕ್ಕಿತು.
ಸೀಮೆಸುಣ್ಣ ನನ್ನ ಕೈಯಲ್ಲೇ ಉಳಿಯಿತು.

ರಾತ್ರಿ ಪಾತ್ರೆ ತೊಳೆಯುತ್ತ ಲೆಕ್ಕ ಹಾಕಿದೆ:
ಕೆಂಪು ಪೆನ್ನು ಹಿಡಿಯದೆ ನಾನು ಓದಿದ್ದು ಯಾವಾಗ?
ಬಿ.ಎಡ್‌ಗೂ ಮುಂಚೆ, ಅಂಕೋಲೆಯ ಅತ್ತೆಯ ಮನೆಯ ಮೆತ್ತಿನ ಮೇಲೆ,
ಮುಖಪುಟವೂ ಕೊನೆಯ ಹಾಳೆಗಳೂ ಇಲ್ಲದ ಒಂದು ದಪ್ಪ ಕಾದಂಬರಿ.
ಬರೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ,
ಕೊಂದವರು ಯಾರೆಂದೂ.
ಅರ್ಧ ಶಬ್ದಗಳು ಅರ್ಥವಾಗಿರಲಿಲ್ಲ.
ಅತ್ತೆ ಮೂರು ಸಲ ಕೂಗಿದ್ದು ಕೇಳಿರಲಿಲ್ಲ,
ಗಂಜಿ ಆರಿ ಕೆನೆಗಟ್ಟಿತ್ತು.
ಅದರ ಮೇಲೆ ಯಾರೂ ನನಗೆ ಐದಂಕದ ಪ್ರಶ್ನೆ ಹಾಕಲಿಲ್ಲ;
ಇನ್ನೂ ನೆನಪಿದೆ,
ಮಂಜು, ಒದ್ದೆ ಕೈಗವಸು, ರೈಲಿನಲ್ಲಿ ಮರೆತ ಪೆಟ್ಟಿಗೆ.
ನಮ್ಮ ಕಡೆಗೆ ರೈಲೇ ಬಂದಿರದ ಕಾಲ ಅದು.

ಶನಿವಾರದ ಕೊನೆಯ ಪೀರಿಯಡ್ಡಿಗೆ ಕಪಾಟಿನ ಬೀಗ ತೆಗೆದೆ.
ಪ್ರಶ್ನೆ ಇಲ್ಲ, ಸಾರಾಂಶ ಇಲ್ಲ, ಬೋರ್ಡಿಗೂ ರಜೆ.
ಗಾಂವಕರ ಹೆಡ್‌ಮಾಸ್ತರು ಕಿಟಕಿಯಲ್ಲಿ ಹಣಕಿದರು:
"ಇದು ಯಾವ ಪಾಠ? ರಿಸಲ್ಟಿನ ಗತಿ ಎಂತ ಅಕ್ಕೋರೆ?"
ಏನೋ ಹೇಳಿದೆ. ಘನವಾದದ್ದೇನೂ ಇರಲಾರದು.
ಮೊದಲ ವಾರ ಗದ್ದಲ, ಎರಡನೆಯ ವಾರ ನಿದ್ದೆ.
ಇಬ್ಬರು ಈಗಲೂ ಚಿತ್ರಗಳಿಗೆ ಮೀಸೆ ಬರೆಯುತ್ತಾರೆ.
ನಾನೂ ಒಂದು ಹಿಡಿದು ಕೂತೆ.
ಗಂಟೆ ಹೊಡೆದದ್ದು ಕೇಳಿಸಿತು.
ಕೇಳಿಸಬಾರದಿತ್ತು.

ದತ್ತಾರಾಮನಿಗೆ ಇಂಗ್ಲಿಷಿನಲ್ಲಿ ಮೂವತ್ತೇಳು,
ಅರ್ಧವಾರ್ಷಿಕಕ್ಕಿಂತ ಎರಡು ಕಡಿಮೆ.
ಟಿ.ಸಿ. ಒಯ್ಯಲು ಬಂದವ ಕೈಪಿಡಿಯನ್ನು ಮೇಜಿನ ಮೇಲಿಟ್ಟ:
"ನಂಗೆ ಬಾಯಿಪಾಠ ಆಯ್ತು. ಕಪಾಟಲ್ಲಿ ಇರ್ಲಿ."

ರಿಜಿಸ್ಟರಿನಲ್ಲಿ ಬರೆದುಕೊಂಡೆ: ಸಂಖ್ಯೆ ೧೧೪೭.
ಲೇಖಕರು, ಖಾಲಿ. ಬೆಲೆ, ಖಾಲಿ.
ವಿಷಯ ಎಂಬ ಕಲಮಿನ ಮೇಲೆ ಪೆನ್ನು ಬಹಳ ಹೊತ್ತು ನಿಂತಿತ್ತು.

ಆಮೇಲೆ ನಾಲ್ವರು ಒಯ್ದಿದ್ದಾರೆ.
ಕೊನೆಯವಳು ಒಂಬತ್ತನೆಯ ಬಿ, ಸುನಯನಾ ಪೆಡ್ನೇಕರ.
ಅವಳ ಮನೆಯಲ್ಲಿ ದೋಣಿ ಇಲ್ಲ.
ಅವಧಿ ಮೀರಿ ಹನ್ನೊಂದು ದಿನವಾಯಿತು.
ನಾನು ಕೇಳಿಲ್ಲ.