ಉಗುರ ಮೇಲೆ ಉರುಳಿಸಿ

ಕಬ್ಬು ಸೂಲಂಗಿ ಬಿಟ್ಟ ಮೇಲೆ ಬಾ, ಅಂದಿದ್ದ ಮಂಚಯ್ಯ.
ಕಬ್ಬಿಗಲ್ಲ, ಲಾಳದ ಕಡ್ಡಿಗೆ.
ಶಿಂಷೆಯ ರೈಲುಸೇತುವೆ ಕೆಳಗೆ ಮೊಣಕಾಲುದ್ದ ಕೆಸರು,
ಪುಷ್ಯದ ಚಳಿ ಇನ್ನೂ ನೀರು ಬಿಟ್ಟು ಎದ್ದಿರಲಿಲ್ಲ.

"ಹಸುರಿರೋದು ಬ್ಯಾಡ ಕಣವ್ವ, ಹಳದಿಗೆ ತಿರುಗಿದ್ದು ನೋಡು.
ಗಾಳಿಗೆ ಬಗ್ಗಿ ಮತ್ತೆ ಎದ್ದು ನಿಲ್ಲೋದು ನೋಡು.
ಕಿರುಬೆಳ್ಳಿಗಿಂತ ದಪ್ಪ ಇದ್ರೆ ಚಪ್ಪರಕ್ಕೆ."
ಎರಡೂ ಕಣ್ಣಿಗೆ ಪೊರೆ ಅವನಿಗೆ.
ನೋಡು ನೋಡು ಅನ್ನುತ್ತಲೇ
ಮಂಕರಿ ಹೆಣೆದು ಸವೆದ ಬೆರಳಲ್ಲಿ ಎಲ್ಲ ನೋಡುತ್ತಿದ್ದ.

ಎಂಬತ್ತು ಕೊಯ್ದೆವು.
ಮೇಲೆ ಮೈಸೂರು ಪ್ಯಾಸೆಂಜರ್ ಹೋಯಿತು,
ಕಿಟಕಿಯಿಂದ ಒಂದು ಮಗು ಕೈ ಬೀಸಿತು.
ನಾನು ಕುಡುಗೋಲು ಬೀಸಿದೆ.

ಬಿಸಿಲಿಗೆ ಹಾಕಬಾರದು.
ಹಾಕಿದೆ, ಹತ್ತನ್ನು, ಅವನಿಗೆ ಹೇಳದೆ.
ಮಧ್ಯಾಹ್ನದೊಳಗೆ ಪಟ್ಟೆಂದು ಸೀಳಿದವು ಒಂದರ ಹಿಂದೊಂದು;
ತೋಳಿನ ಅಳತೆ ಕೊಡುತ್ತಿದ್ದ ಪೋಸ್ಟಾಫೀಸಿನ ಮೇಡಮ್ಮು
ಟೇಪಿನೊಳಗೇ ಬೆಚ್ಚಿಬಿದ್ದರು.

ಉಳಿದ ಎಪ್ಪತ್ತನ್ನು ಪೆಟಿಕೋಟಿನ ಲಾಡಿಯಲ್ಲಿ ಬಿಗಿದು
ಅಟ್ಟದ ನೆರಳಿಗೆ ಏರಿಸಿದೆ.
ವಾರಕ್ಕೊಮ್ಮೆ ಇಳಿಸಿ, ಬಿಚ್ಚಿ,
ನಡುವಿನದು ಹೊರಗೆ, ಹೊರಗಿನದು ನಡುವೆ.
ಬಿಗಿದ ಲಾಡಿ ಪ್ರತಿ ಸಲವೂ ಸಡಿಲ:
ಲಾಳ ಬಡವಾಗುತ್ತಿತ್ತು.
ಶಿವರಾತ್ರಿ ಹೋಯಿತು.
ಕಾರ್ಖಾನೆಯ ಗಾಡಿಗಳು ಹೊಲದ ಕಬ್ಬನ್ನೆಲ್ಲ ಹೊತ್ತುಕೊಂಡು ಹೋದವು.
ನನ್ನದು ಇನ್ನೂ ಅಟ್ಟದಲ್ಲೇ.

ಯುಗಾದಿ ಕಳೆದು ಕೆಂಡ ಮಾಡಿದೆವು.
ಗೆಣ್ಣು ಗೆಣ್ಣೂ ಕಾಯಿಸಿ, ಬಿಸಿ ಆರುವ ಮುಂಚೆ ಬೆನ್ನು ತಿದ್ದಿ,
ಕೈಯೆಲ್ಲ ಸುಟ್ಟ ಹುಲ್ಲಿನ ಸಿಹಿ ವಾಸನೆ.
ನನ್ನ ಕಣ್ಣಿಗೆ ನೆಟ್ಟಗೆ ಕಂಡದ್ದು ನಲವತ್ತು.
ಮಂಚಯ್ಯ ಒಂದೊಂದನ್ನೇ ಹೆಬ್ಬೆರಳ ಉಗುರ ಮೇಲಿಟ್ಟು
ಗಿರ್ರನೆ ತಿರುಗಿಸಿ ಕಿವಿಗೊಟ್ಟ.
"ಇದು ಗೊಣಗ್ತದೆ."
"ಇದೂವೆ."
"ಇದಕ್ಕೆ ನೆಗಡಿ."
ಮಾತಾಡದೆ ತಿರುಗಿದ್ದು ಒಂಬತ್ತು.
ಗೊಣಗಿದವೆಲ್ಲ ಹಿತ್ತಲ ಹೀರೆಬಳ್ಳಿಗೆ.

"ಬಾಣ ಯಾಕವ್ವ ನಿಂಗೆ? ಯಾರ ಮ್ಯಾಲೆ?"
ಹತ್ತೊಂಬತ್ತು ವರ್ಷ ಸೂಜಿ ಹಿಡಿದವಳು ನಾನು.
ಬಟ್ಟೆ ದಾಟಿ ಎಷ್ಟು ದೂರ ಹೋದರೂ
ದಾರದ ಜೊತೆ ನನ್ನ ಕೈಗೇ ವಾಪಸು ಬರುತ್ತದೆ.
ಅದನ್ನು ಹೇಳಲಿಲ್ಲ.
"ಸುಮ್ನೆ" ಅಂದೆ.

ನಾಟಿಕೋಳಿಯ ಗರಿ, ಯಾರದೋ ಮದುವೆ ರವಿಕೆಯಲ್ಲಿ ಉಳಿದ ಕೆಂಪು ದಾರ.
ಕೊಯ್ಲಾದ ಗದ್ದೆಯ ಕಡೆ ತಿರುಗಿ, ಬಿದಿರಿನ ಬಿಲ್ಲು ಎಳೆದು
ಬಿಟ್ಟೆ.

ಸಂಜೆಬೆಳಕು ಕಣ್ಣಿಗೆ ಹೊಡೆಯಿತು, ಏನೂ ಕಾಣಲಿಲ್ಲ.
"ಎಲ್ಲಿ ಬಿತ್ತು?" ಅಂದೆ.
"ತಡಿ," ಅಂದ ಮಂಚಯ್ಯ,
ಇನ್ನೂ ಕೇಳಿಸಿಕೊಳ್ಳುತ್ತಿದ್ದ.